ಮಾವನ ಡೆಸ್ಕ್‌ಟಾಪಿಗೆ ನಾನು ಕೈ ಹಾಕಿದ ಭಾನುವಾರ

ತಿಪಟೂರಿನಲ್ಲಿ ನಮ್ಮ ಸೋದರಮಾವನದ್ದು ಒಂದು ಟೈಪಿಂಗ್ ಅಂಗಡಿ ಇದೆ. ಕೋರ್ಟಿನಿಂದ ನಾಲ್ಕು ಹೆಜ್ಜೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮೆಷಿನ್, ಗೋಡೆಗೆ ತಾಗಿದ ಒಂದು ಬೆಂಚು. ಅಷ್ಟೇ. ಅಫಿಡವಿಟ್ಟು, ಬಾಡಿಗೆ ಕರಾರು, ಕ್ರಯಪತ್ರದ ಕರಡು, ಪಹಣಿಯಲ್ಲಿ ಹೆಸರು ತಪ್ಪಾಗಿದೆ ಅಂತ ತಹಶೀಲ್ದಾರರಿಗೆ ಅರ್ಜಿ, ಬೆಳಗ್ಗೆಯಿಂದ ಸಂಜೆವರೆಗೆ ಇಂಥದ್ದೇ ಕೆಲಸ. ಮಾವ ಟೈಪ್ ಮಾಡುವಾಗ ಕೀಬೋರ್ಡ್ ನೋಡುವುದಿಲ್ಲ. ಪರದೆಯನ್ನೂ ಜಾಸ್ತಿ ನೋಡುವುದಿಲ್ಲ. ಬೆಂಚಿನ ಮೇಲೆ ಕೂತವರ ಜೊತೆ ಕೊಬ್ಬರಿ ರೇಟು ಮಾತಾಡುತ್ತಾ ಇರುತ್ತಾರೆ, ಬೆರಳು ಅದರ ಪಾಡಿಗೆ ಅದು ಓಡುತ್ತಿರುತ್ತದೆ.

2019ರಲ್ಲಿ ಒಂದು ಭಾನುವಾರ ಊರಿಗೆ ಹೋಗಿದ್ದವನು ಅಂಗಡಿಯ ಕಂಪ್ಯೂಟರ್ ಮುಂದೆ ಕೂತೆ. ಡೆಸ್ಕ್‌ಟಾಪ್ ನೋಡಿ ಎದೆ ಧಸಕ್ಕೆಂದಿತು. ಒಂದಿಂಚು ಜಾಗವಿಲ್ಲ. ‘ಬಾಡಿಗೆ ಹೊಸದು’, ‘ಬಾಡಿಗೆ ಹೊಸದು 2’, ‘ಬಾಡಿಗೆ ಕೊನೆ’, ‘ಬಾಡಿಗೆ ಕೊನೆ ಸರಿ’, ಆಮೇಲೆ ಯಾರೋ ಕಕ್ಷಿದಾರನ ಹೆಸರಿನಲ್ಲಿ ಏಳು ಫೈಲು. ವಾಲ್‌ಪೇಪರಿನಲ್ಲಿದ್ದ ಸಿದ್ಧಗಂಗಾ ಸ್ವಾಮಿಗಳ ಫೋಟೋ ಐಕಾನ್‌ಗಳ ಹಿಂದೆ ಎಲ್ಲೋ ಅಡಗಿತ್ತು. ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವನು, ಅದರಲ್ಲೂ ಪರದೆಯ ಮೇಲೆ ಯಾವುದು ಎಲ್ಲಿರಬೇಕು ಅಂತ ಮೀಟಿಂಗ್ ಮಾಡಿ ಸಂಬಳ ತಗೊಳ್ಳುವವನು. ಸುಮ್ನೆ ಇರಲಾಗಲಿಲ್ಲ. ಬಾಕಿ ಇದ್ದ ಅಪ್‌ಡೇಟ್‌ಗಳನ್ನೆಲ್ಲ ಹಾಕಿದೆ. ವರ್ಷಕ್ಕೊಂದು ಫೋಲ್ಡರ್ ಮಾಡಿದೆ, ಅದರೊಳಗೆ ಕೆಲಸದ ಬಗೆಗೊಂದು ಫೋಲ್ಡರ್. ಪರದೆಯ ಕೆಳಗಿನ ಪಟ್ಟಿ, ಅಂದರೆ ಟಾಸ್ಕ್‌ಬಾರ್, ಸಣ್ಣದು ಮಾಡಿದೆ. ಬೇಡದ್ದನ್ನೆಲ್ಲ ಕಣ್ಣಿಗೆ ಕಾಣದ ಹಾಗೆ ಒಳಗೆ ಹಾಕಿದೆ. ಕೊನೆಗೆ ಸ್ವಾಮಿಗಳು ಪೂರ್ತಿ ಕಾಣಿಸಿದರು. ರಾತ್ರಿ ಬಸ್ಸು ಹತ್ತುವಾಗ ಮಾವನಿಗೆ ಒಂದು ಉಪಕಾರ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಸೋಮವಾರ ಹನ್ನೊಂದಕ್ಕೆ ಮುಂಚೆ ಫೋನ್ ಬಂತು. ದನಿ ತಗ್ಗಿತ್ತು. ಸುತ್ತ ಜನ ಇದ್ದಾರೆ ಅಂತ ಗೊತ್ತಾಗುತ್ತಿತ್ತು.

“ಲೋ, ಎಲ್ಲಿಟ್ಟಿದ್ದೀಯೋ ಎಲ್ಲಾನೂ?”

“ಯಾವುದು ಬೇಕು ಮಾವ? ಹೆಸರು ಹೊಡೆದು ಹುಡುಕಿ, ಸಿಗುತ್ತೆ.”

“ಹೆಸರು ಯಾರಿಗೆ ಗೊತ್ತಪ್ಪ. ಎಡಗಡೆಯಿಂದ ಮೂರನೇ ಸಾಲು, ಮೇಲಿಂದ ನಾಲ್ಕನೇದು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮೂರನೇ ಸಾಲನ್ನು ನಾನೇ ಇಲ್ಲವಾಗಿಸಿದ್ದೆ. ಹಿಂದೆ ಯಾರೋ ಜೋರಾಗಿ ಕೇಳುತ್ತಿದ್ದರು, ವಕೀಲರೊಬ್ಬರ ಗುಮಾಸ್ತ ಅಂತ ಆಮೇಲೆ ತಿಳಿಯಿತು: “ಏನ್ ಸ್ವಾಮಿ, ಕಂಪ್ಯೂಟರ್ ಹೊಸದಾ? ಕಲೀತಾ ಇದೀರಾ?” ಬೆಂಚಿನಲ್ಲಿ ನಗು. ಮಾವ ಫೋನ್ ಇಟ್ಟರು.

ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಮನುಷ್ಯನನ್ನು ‘ಕಲೀತಾ ಇದೀರಾ’ ಅಂತ ಕೇಳಿದರು. ಕೇಳುವ ಹಾಗೆ ಮಾಡಿದವನು ನಾನು.

ಅವತ್ತಿನಿಂದ, ಯಾವುದೇ ಅಪ್‌ಡೇಟ್ ಬಂದು ಜನ ಬೈಯುವುದನ್ನು ಕಂಡಾಗ ನನಗೆ ಆ ಬೆಂಚಿನ ನಗು ಕೇಳಿಸುತ್ತದೆ. ಅದಕ್ಕೂ ಮುಂಚೆ ನಾನು ಇನ್ನೊಂದು ಗುಂಪಿನವನು. 2012ರ ಅಕ್ಟೋಬರ್ 26ಕ್ಕೆ ವಿಂಡೋಸ್ 8 ಬಂದಾಗ ‘ಅಯ್ಯೋ, ಒಂದು ಬಟನ್ ತೆಗೆದಿದ್ದಕ್ಕೆ ಇಷ್ಟೊಂದು ಗಲಾಟೆಯಾ’ ಅಂತ ನಕ್ಕವನು.

ಆ ಬಟನ್ನಿನ ಕಥೆ ಸ್ವಲ್ಪ ಹೇಳಬೇಕು. 1995ರ ಆಗಸ್ಟ್ 24ರಂದು ವಿಂಡೋಸ್ 95 ಜೊತೆ ಅದು ಬಂತು. ಎಡಗಡೆ ಕೆಳಗಿನ ಮೂಲೆ. ಒತ್ತಿದರೆ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂಗಳ ಪಟ್ಟಿ, ಅಂದರೆ ಸ್ಟಾರ್ಟ್ ಮೆನು, ತೆರೆಯುತ್ತಿತ್ತು. ಮೇಲೆ ‘ಸ್ಟಾರ್ಟ್’ ಅಂತ ಅಕ್ಷರದಲ್ಲೇ ಬರೆದಿತ್ತು. ಅಷ್ಟು ಸಾಲದು ಅಂತ, ಕಂಪ್ಯೂಟರ್ ಆನ್ ಮಾಡಿದ ಹೊಸತರಲ್ಲಿ ‘ಶುರು ಮಾಡಲು ಇಲ್ಲಿ ಒತ್ತಿ’ ಅನ್ನುವ ಒಂದು ಬಾಣ ಟಾಸ್ಕ್‌ಬಾರಿನ ಮೇಲೆ ಜಾರಿಕೊಂಡು ಬಂದು ಆ ಬಟನ್ನಿಗೆ ತಾಗುತ್ತಿತ್ತು. ಮೂಲೆಯಲ್ಲಿ ಇಟ್ಟಿದ್ದರಲ್ಲೂ ಒಂದು ಅರ್ಥವಿದೆ. ಕೈ ಒಂದು ಗುರಿಯನ್ನು ಮುಟ್ಟಲು ಎಷ್ಟು ಹೊತ್ತು ಬೇಕು ಅನ್ನುವುದನ್ನು ಪಾಲ್ ಫಿಟ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಲೆಕ್ಕ ಹಾಕಿದ್ದರು: ಗುರಿ ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ಬೇಗ. ಪರದೆಯ ಮೂಲೆ ಅಂದರೆ ಮೌಸನ್ನು ಕಣ್ಣುಮುಚ್ಚಿ ಜೋರಾಗಿ ತಳ್ಳಿದರೂ ಅಲ್ಲೇ ಹೋಗಿ ನಿಲ್ಲುತ್ತದೆ, ಆಚೆ ಹೋಗಲು ಜಾಗವೇ ಇಲ್ಲ. ತಮಾಷೆ ಅಂದರೆ ವಿಂಡೋಸ್ 95ರಲ್ಲಿ ಆ ಬಟನ್ ಸರಿಯಾಗಿ ಮೂಲೆಗೆ ಅಂಟಿರಲಿಲ್ಲ. ಕೂದಲೆಳೆಯಷ್ಟು ಸಂದು ಬಿಟ್ಟಿದ್ದರು, ಮೂಲೆಯ ತುತ್ತತುದಿಗೆ ಹೋಗಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಅದನ್ನು ಮುಂದೆ ಸರಿಮಾಡಿದರು.

ಹದಿನೇಳು ವರ್ಷ ಆ ಮೂಲೆ ಹಾಗೇ ಇತ್ತು. ಶಾಲೆಯ ಲ್ಯಾಬಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಸೈಬರ್ ಸೆಂಟರಿನಲ್ಲಿ. ವಿಂಡೋಸ್ 8ರಲ್ಲಿ ಬಟನ್ ಹೋಯಿತು. ಅದರ ಜಾಗದಲ್ಲಿ ಪರದೆ ತುಂಬ ಬಣ್ಣಬಣ್ಣದ ಚೌಕಗಳು. 2010ರಲ್ಲಿ ಐಪ್ಯಾಡ್ ಬಂದಿತ್ತು, ಇನ್ನು ಮುಂದೆ ಎಲ್ಲರೂ ಬೆರಳಲ್ಲೇ ಮುಟ್ಟುತ್ತಾರೆ ಅನ್ನುವ ಹೆದರಿಕೆಯೋ ಆಸೆಯೋ ಇತ್ತು. ಮೌಸ್ ಹಿಡಿದು ಕೂತವರ ಪಾಡು? ಕಂಪ್ಯೂಟರ್ ಆಫ್ ಮಾಡಬೇಕೆಂದರೆ ಮೌಸನ್ನು ಬಲಗಡೆಯ ಮೂಲೆಗೆ ಒಯ್ಯಬೇಕು. ಒಂದು ಪಟ್ಟಿ ಹೊರಗೆ ಬರುತ್ತದೆ. ಅದರಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಪವರ್, ಅದರಲ್ಲಿ ಶಟ್‌ಡೌನ್. ಮೂಲೆಯಲ್ಲಿ ಪಟ್ಟಿ ಇದೆ ಅಂತ ಪರದೆಯ ಮೇಲೆ ಎಲ್ಲೂ ಬರೆದಿಲ್ಲ. ಗೊತ್ತಿದ್ದವನಿಗೆ ಮಾತ್ರ ಗೊತ್ತು. ಇನ್ನೂ ಒಂದು ವಿಚಿತ್ರ ಇತ್ತು: ಎಡಮೂಲೆ ಪೂರ್ತಿ ಸತ್ತಿರಲಿಲ್ಲ. ಹಳೇ ಅಭ್ಯಾಸದಲ್ಲಿ ಮೌಸನ್ನು ಅಲ್ಲಿಗೆ ಒಯ್ದು ಒತ್ತಿದರೆ ಕೆಲಸ ಮಾಡುತ್ತಿತ್ತು. ಬಟನ್ ಇಲ್ಲ ಅಂತ ನಂಬಿದವನಿಗೆ ಸಿಗುತ್ತಿರಲಿಲ್ಲ, ನೋಡದೇ ಒತ್ತಿದವನಿಗೆ ಸಿಗುತ್ತಿತ್ತು.

ಯಾಕೆ ತೆಗೆದರು? ಮೈಕ್ರೋಸಾಫ್ಟ್ ಆಗ ಕೊಟ್ಟ ವಿವರಣೆಯಲ್ಲಿ ಒಂದು ಅಂಶ ನನಗೆ ಇವತ್ತಿಗೂ ಕಾಡುತ್ತದೆ. ಬಳಕೆದಾರರ ಕಂಪ್ಯೂಟರುಗಳಿಂದ ಬಂದ ಲೆಕ್ಕ ನೋಡಿದರೆ ಜನ ಸ್ಟಾರ್ಟ್ ಮೆನು ತೆರೆಯುವುದು ಕಡಿಮೆಯಾಗಿತ್ತಂತೆ. ಲೆಕ್ಕ ಸುಳ್ಳಿರಲಾರದು. ವಿಂಡೋಸ್ 7ರಲ್ಲಿ ದಿನಾ ಬೇಕಾದ್ದನ್ನು ಟಾಸ್ಕ್‌ಬಾರಿಗೇ ಸಿಕ್ಕಿಸಿಡಬಹುದಿತ್ತು, ಮೆನು ತೆರೆಯುವ ಕೆಲಸವೇ ಕಡಿಮೆ. ನಾನೂ ಇಂಥ ಲೆಕ್ಕ ದಿನಾ ನೋಡುವವನೇ. ನೂರಕ್ಕೆ ಇಷ್ಟು ಜನ ಒತ್ತಿದರು, ಇಷ್ಟು ಜನ ಒತ್ತಲಿಲ್ಲ, ತೆಗೆದುಬಿಡಿ. ಆದರೆ ಮನೆಯ ಮುಂಬಾಗಿಲ ಚಿಲಕವನ್ನು ದಿನಕ್ಕೆ ಎಷ್ಟು ಸಲ ಹಾಕುತ್ತೀರಿ? ಒಂದೋ ಎರಡೋ ಸಲ. ಶಟ್‌ಡೌನ್ ಒತ್ತುವುದು ದಿನಕ್ಕೊಮ್ಮೆ. ಆ ಒಮ್ಮೆಯೂ ಕೈಗೆ ಸಿಗದಿದ್ದರೆ ಆ ದಿನವಿಡೀ ಮಾಡಿದ ಕೆಲಸವೆಲ್ಲ ಬೇರೆಯವರ ಮನೆಯಲ್ಲಿ ಕೂತು ಮಾಡಿದ ಹಾಗೆ ಅನ್ನಿಸುತ್ತದೆ.

ಮುಂದಿನದು ಬಹಳ ಜನರಿಗೆ ಗೊತ್ತು. ಕ್ಲಾಸಿಕ್ ಶೆಲ್, ಸ್ಟಾರ್ಟ್8 ಥರದ ಬೇರೆಯವರ ತಂತ್ರಾಂಶ ಹಾಕಿಕೊಂಡು ಜನ ಹಳೇ ಮೆನು ಮರಳಿ ಪಡೆದರು. 2013ರ ಅಕ್ಟೋಬರಿನಲ್ಲಿ 8.1 ಬಂತು, ಬಟನ್ ವಾಪಸ್ ಬಂತು. ಒತ್ತಿದರೆ? ಮತ್ತೆ ಅದೇ ಚೌಕಗಳ ಪರದೆ. ಮಜ್ಜಿಗೆ ಕೇಳಿದವನಿಗೆ ಖಾಲಿ ಲೋಟ ಕೊಟ್ಟ ಹಾಗೆ. ಮೆನು ನಿಜವಾಗಿ ಮರಳಿದ್ದು 2015ರ ಜುಲೈನಲ್ಲಿ ವಿಂಡೋಸ್ 10 ಜೊತೆ.

‘ಜನಕ್ಕೆ ಬದಲಾವಣೆ ಅಂದರೆ ಆಗಲ್ಲ, ಸ್ವಲ್ಪ ದಿನ ಬೈತಾರೆ, ಆಮೇಲೆ ಒಗ್ಗಿಕೊಳ್ತಾರೆ.’ ನಮ್ಮ ಆಫೀಸಿನಲ್ಲಿ ಈ ಮಾತನ್ನು ನಾನೇ ಎಷ್ಟು ಸಲ ಹೇಳಿದ್ದೇನೋ. ಅದರಲ್ಲಿ ಸ್ವಲ್ಪ ನಿಜವೂ ಇದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ನೀಲಿ ಹಸಿರು ನೋಡಿ ಮಕ್ಕಳ ಆಟಿಕೆ ಥರ ಇದೆ ಅಂತ ಆಡಿಕೊಂಡರು, ಹತ್ತು ವರ್ಷದ ನಂತರ ಅದನ್ನೇ ಬಿಡಲೊಲ್ಲೆ ಅಂದರು. ಆದರೆ ಎಕ್ಸ್‌ಪಿಯಲ್ಲಿ ಒಂದು ಬಾಗಿಲು ತೆರೆದೇ ಇತ್ತು. ಇಷ್ಟವಿಲ್ಲದವರು ಹಳೇ ಬೂದು ಬಣ್ಣಕ್ಕೆ, ಹಳೇ ಮೆನುವಿಗೆ ಹೋಗಬಹುದಿತ್ತು. ಒಗ್ಗಿಕೊಂಡರು ಅನ್ನುವುದಕ್ಕಿಂತ ತಮಗೆ ಬೇಕಾದಾಗ ದಾಟಿಕೊಂಡರು ಅನ್ನುವುದು ಸರಿ.

ಬದಲಾವಣೆ ಆಗದವರು ಅನ್ನುವುದಾದರೆ ನಮ್ಮ ಮಾವನ ಬಗ್ಗೆ ಕೇಳಿ. ಅವರು ಶುರು ಮಾಡಿದ್ದು ಕನ್ನಡ ಟೈಪ್‌ರೈಟರಿನಲ್ಲಿ. ಕೋರ್ಟಿನ ಹೊರಗೆ ಮರದ ಕೆಳಗೆ, ಮಡಚುವ ಮೇಜು. ಟೈಪ್‌ರೈಟರಿನಲ್ಲಿ ಅಕ್ಷರವನ್ನು ತುಂಡುತುಂಡಾಗಿ ಕಟ್ಟಬೇಕು, ಕೊಂಬು ಬೇರೆ, ಒತ್ತು ಬೇರೆ, ಒಂದೊಂದು ತುಂಡಿಗೂ ಒಂದೊಂದು ಕೀಲಿ. ಕಂಪ್ಯೂಟರಿಗೆ ಬಂದಾಗ ನುಡಿ ತಂತ್ರಾಂಶ, ಅದಕ್ಕೆ ಆಧಾರ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಅಲ್ಲಿ ವ್ಯಂಜನ ಹೊಡೆದು ಸ್ವರ ಹೊಡೆದರೆ ಅಕ್ಷರವನ್ನು ಅದೇ ಕೂಡಿಸುತ್ತದೆ. ಕೇಳಲು ಸುಲಭ. ಹದಿನೈದು ವರ್ಷ ಬೇರೆ ದಾರಿಯಲ್ಲಿ ಓಡಿದ ಬೆರಳಿಗೆ ಮಾತ್ರ ಅದು ಪೂರ್ತಿ ಹೊಸ ವಿದ್ಯೆ. ಮಾವ ಅದನ್ನು ಕಲಿತರು. ಯಾರೂ ಬಲವಂತ ಮಾಡಲಿಲ್ಲ. ಹಗಲು ಟೈಪ್‌ರೈಟರಿನಲ್ಲಿ ದುಡಿಮೆ, ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕಂಪ್ಯೂಟರಿನಲ್ಲಿ ಅಭ್ಯಾಸ. ಆರು ತಿಂಗಳು ಎರಡೂ ಅಕ್ಕಪಕ್ಕ ಇದ್ದವು. ತಪ್ಪುಗಳೆಲ್ಲ ರಾತ್ರಿಯೇ ಆಗಿ ಮುಗಿದವು. ಬೆಂಚಿನಲ್ಲಿ ಕೂತವರು ನೋಡಿದ್ದು ಕಲಿತು ಮುಗಿದ ಮಾವನನ್ನು ಮಾತ್ರ.

ನನಗೆ ಇದು ಹೊಳೆದದ್ದು ತಡವಾಗಿ. ಅಪ್‌ಡೇಟ್ ಮೇಲಿನ ಸಿಟ್ಟಿನ ಮಾತುಗಳು ಯಾವಾಗಲೂ ಬಣ್ಣದ ಬಗ್ಗೆ, ಐಕಾನ್ ಬಗ್ಗೆ, ‘ಚೆನ್ನಾಗಿಲ್ಲ’ ಅನ್ನುವುದರ ಬಗ್ಗೆ ಇರುತ್ತವೆ. ಒಳಗೆ ಇರುವುದು ನಾಚಿಕೆ. ನಿನ್ನೆ ಸಂಜೆ ಗೊತ್ತಿದ್ದವನು ಇವತ್ತು ಬೆಳಗ್ಗೆ ನಾಲ್ಕು ಜನರ ಮುಂದೆ ಗೊತ್ತಿಲ್ಲದವನಾಗುತ್ತಾನೆ. ಅವನು ಯಾವ ತಪ್ಪೂ ಮಾಡಿಲ್ಲ, ಏನನ್ನೂ ಮರೆತಿಲ್ಲ. ಅದನ್ನು ಹೇಳಿಕೊಳ್ಳುವುದಕ್ಕೂ ಆಗಲ್ಲ. ಹಾಗಾಗಿ ‘ಈ ಹೊಸದು ದರಿದ್ರ’ ಅನ್ನುತ್ತಾನೆ. ನಾವು ಡಿಸೈನ್ ಮಾಡುವವರು ಅದನ್ನು ಕೇಳಿ ಬಣ್ಣ ಬದಲಿಸಲು ಹೋಗುತ್ತೇವೆ.

ಇದು ಬರೀ ಕಂಪ್ಯೂಟರ್ ಬಾರದವರ ಗೋಳು ಅಂತ ಅಂದುಕೊಳ್ಳಬೇಡಿ. 2011ರ ಏಪ್ರಿಲ್ ನೆನಪಿದೆಯಾ, ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ? ಲಿನಕ್ಸಿನಲ್ಲಿ ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಒಂದೇ ಅಲ್ಲ, ಹಲವು ಇವೆ. ಅದೇ ತಿಂಗಳು ಅವುಗಳಲ್ಲೊಂದಾದ ಗ್ನೋಮ್‌ನ ಹೊಸ ಆವೃತ್ತಿ ಗ್ನೋಮ್ 3 ಬಂತು, ಅದೇ ತಿಂಗಳು ಉಬುಂಟು ಅನ್ನುವ ಲಿನಕ್ಸ್ ತನ್ನ 11.04 ಆವೃತ್ತಿಯಲ್ಲಿ ಯೂನಿಟಿ ಅನ್ನುವ ಡೆಸ್ಕ್‌ಟಾಪನ್ನು ಎಲ್ಲರ ಮುಂದೆ ಇಟ್ಟಿತು. ಗ್ನೋಮ್ 3ರಲ್ಲಿ ಕಿಟಕಿಯ ಮೇಲಿನ ಮಿನಿಮೈಸ್ ಬಟನ್ನೇ ಇರಲಿಲ್ಲ. ಲಿನಕ್ಸಿನ ತಿರುಳಾದ ಕರ್ನೆಲ್ ಬರೆದ ಲಿನಸ್ ಟೊರ್ವಾಲ್ಡ್ಸ್ ಅವರೇ ಎಲ್ಲರೆದುರು ಬೈದು ಎಕ್ಸ್‌ಎಫ್‌ಸಿಇ ಅನ್ನುವ ಬೇರೆ ಡೆಸ್ಕ್‌ಟಾಪಿಗೆ ಹೋದರು, ಆಮೇಲೆ ಗ್ನೋಮ್‌ಗೆ ಎಕ್ಸ್‌ಟೆನ್ಶನ್ ಅನ್ನುವ ಹೆಚ್ಚುವರಿ ತುಂಡುಗಳನ್ನು ಹಾಕಿಕೊಂಡು ಹಿಂದೆ ಬಂದರು. ಕರ್ನೆಲ್ ಬರೆಯುವವನಿಗೂ ಕೈ ಹೋದ ಕಡೆ ಬಟನ್ ಬೇಕು. ಆದರೆ ಆ ಲೋಕದಲ್ಲಿ ಒಂದು ಅನುಕೂಲ ಇತ್ತು. ಹಳೇ ಗ್ನೋಮ್ 2ರ ಕೋಡ್ ಎಲ್ಲರ ಕೈಯಲ್ಲೂ ಇತ್ತು. ಅರ್ಜೆಂಟೀನಾದ ಒಬ್ಬ ಬಳಕೆದಾರ ಅದನ್ನು ಎತ್ತಿಕೊಂಡು ಮಾಟೆ ಅಂತ ಹೆಸರಿಟ್ಟು ಮುಂದುವರಿಸಿದ. ಅದು ಅವರ ಕಡೆ ಕುಡಿಯುವ ಒಂದು ಸೊಪ್ಪಿನ ಕಷಾಯದ ಹೆಸರು, ನಮ್ಮಲ್ಲಿ ಯಾರೋ ‘ಕಾಫಿ’ ಅಂತ ಹೆಸರಿಟ್ಟ ಹಾಗೆ. ಲಿನಕ್ಸ್ ಮಿಂಟ್‌ನವರು ಸಿನಮನ್ ಅನ್ನುವ ತಮ್ಮದೇ ಡೆಸ್ಕ್‌ಟಾಪ್ ಕಟ್ಟಿದರು. ಸಿಟ್ಟು ಬಂದವರು ತಮ್ಮದೇ ಮೂರನೇ ಸಾಲನ್ನು ಮತ್ತೆ ಜೋಡಿಸಿಕೊಂಡರು. ಇನ್ನು ಯೂನಿಟಿ? ಅಷ್ಟು ಬೈಸಿಕೊಂಡಿತಲ್ಲ, 2017ರಲ್ಲಿ ಅದನ್ನು ನಿಲ್ಲಿಸುತ್ತೇವೆ ಅಂದಾಗ ಅಯ್ಯೋ ಅಂದವರೂ ಇದ್ದರು. ಆರು ವರ್ಷದಲ್ಲಿ ಅದೂ ಯಾರದೋ ಕೈಯ ಅಭ್ಯಾಸವಾಗಿತ್ತು.

ಆಪಲ್‌ನವರದು ಬೇರೆ ದಾರಿ. 2011ರ ಜುಲೈನಲ್ಲಿ ಮ್ಯಾಕ್ ಲಯನ್ ಬಂದಾಗ ಸ್ಕ್ರಾಲ್ ದಿಕ್ಕನ್ನೇ ತಿರುಗಿಸಿದರು. ಬೆರಳು ಮೇಲಕ್ಕೆ ಹೋದರೆ ಪುಟವೂ ಮೇಲಕ್ಕೆ, ಫೋನಿನ ಹಾಗೆ. ಅದಕ್ಕೆ ‘ಸಹಜ’ ಅಂತ ಹೆಸರಿಟ್ಟರು. ಅಂದರೆ ಅಲ್ಲಿವರೆಗೆ ನಾವೆಲ್ಲ ಮಾಡುತ್ತಿದ್ದದ್ದು ಅಸಹಜ! ಆದರೂ ಸೆಟ್ಟಿಂಗಿನಲ್ಲಿ ಒಂದು ಟಿಕ್ ಗುರುತು ಬಿಟ್ಟಿದ್ದರು, ತೆಗೆದರೆ ಹಳೆಯ ದಿಕ್ಕು. ಬಹಳ ಜನರ ಗೊಣಗಾಟ ಆ ಒಂದು ಟಿಕ್ಕಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಗಾಜಿನ ಹಾಗೆ ಹೊಳೆಯುವ ಲಿಕ್ವಿಡ್ ಗ್ಲಾಸ್ ತಂದರು, ಹಿಂದಿನ ಚಿತ್ರ ತೂರಿಬಂದು ಅಕ್ಷರ ಓದಲಾಗುವುದಿಲ್ಲ ಅಂತ ದೂರು ಬಂತು. ಮುಂದಿನ 26.1 ಆವೃತ್ತಿಯಲ್ಲಿ ಗಾಜನ್ನು ಸ್ವಲ್ಪ ಮಬ್ಬು ಮಾಡಿಕೊಳ್ಳುವ ಆಯ್ಕೆ ಕೊಟ್ಟರು.

ಈ ಗಲಾಟೆಗಳಲ್ಲಿ ನಮ್ಮ ಕಡೆಯ ಕಷ್ಟ ಕೇಳಿಸುವುದೇ ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಎಕ್ಸ್‌ಪಿ, ವಿಂಡೋಸ್ 7ರಲ್ಲಿ ಒಂದೊಂದು ಕಿಟಕಿಗೂ ಅದರದೇ ಭಾಷೆ ನೆನಪಿರುತ್ತಿತ್ತು. ವರ್ಡ್‌ನಲ್ಲಿ ಕನ್ನಡ ಇಟ್ಟು ಬ್ರೌಸರಿಗೆ ಹೋದರೆ ಅಲ್ಲಿ ಇಂಗ್ಲಿಷ್. ವಾಪಸ್ ಬಂದರೆ ಕನ್ನಡ. ವಿಂಡೋಸ್ 8ರಿಂದ ಇಡೀ ಕಂಪ್ಯೂಟರಿಗೆ ಒಂದೇ ಭಾಷೆ ಆಯಿತು. ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡ ಬರೆಯುತ್ತಿದ್ದವನು ಬ್ರೌಸರಿಗೆ ಬಂದು ಗೂಗಲ್ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಒಂದು ಒಂಟಿ ಕೊಂಬು, ಅದರ ಹಿಂದೆ ‘ದದುತಾ’. ದಿನಕ್ಕೆ ಐವತ್ತು ಸಲ. ಹಳೇ ರೀತಿಗೆ ಹೋಗುವ ದಾರಿ ಇದೆ, ಭಾಷೆಯ ಸೆಟ್ಟಿಂಗಿನ ಒಳಗೆ ಇನ್ನೂ ಒಳಗೆ. ಒಂದೇ ಭಾಷೆಯಲ್ಲಿ ಬದುಕುವವರಿಗೆ ಇದು ಬದಲಾಗಿದ್ದೇ ಗೊತ್ತಾಗಲಿಲ್ಲ. ನಾನು ಓದಿದ ವಿಮರ್ಶೆಗಳಲ್ಲಿ ಪುಟಗಟ್ಟಲೆ ಸ್ಟಾರ್ಟ್ ಬಟನ್ ಇತ್ತು, ಇದು ಒಂದು ಸಾಲೂ ಇರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಅದೇ ವಿಂಡೋಸ್ 8 ನಮಗೆ ನಿರ್ಮಲಾ ಯುಐ ಫಾಂಟ್ ಕೊಟ್ಟಿತು, ಸಣ್ಣ ಅಕ್ಷರದಲ್ಲೂ ಒತ್ತುಗಳು ಬಿಡಿಸಿ ಕಾಣುವಂಥದ್ದು. ಅದಕ್ಕೆ ಯಾರೂ ಬೈಯಲಿಲ್ಲ. ಮಾವನಿಗೆ ಇದ್ಯಾವುದೂ ತಾಗಲಿಲ್ಲ ಬಿಡಿ, ಅವರದು ನುಡಿ, ಸ್ಕ್ರಾಲ್ ಲಾಕ್ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್. ಬೇರೆ ಕೆಲಸಕ್ಕೆ ಅಷ್ಟಾಗಿ ಬಾರದ ಆ ಕೀಲಿಗೆ ನಮ್ಮ ಟೈಪಿಂಗ್ ಅಂಗಡಿಗಳಲ್ಲಿ ಮಾತ್ರ ಮರ್ಯಾದೆ ಇತ್ತು. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದೇ ಇಲ್ಲ.

2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದು ಸ್ಟಾರ್ಟ್ ಬಟನ್ನನ್ನು ಮೂಲೆಯಿಂದ ಎಬ್ಬಿಸಿ ನಡುವಿಗೆ ಕೂರಿಸಿತು. ಫಿಟ್ಸ್ ಅವರ ಲೆಕ್ಕ ಮೂಲೆಗುಂಪು. ನಡುವಿನಲ್ಲಿ ಇನ್ನೊಂದು ತೊಂದರೆ: ಹೆಚ್ಚು ಕಿಟಕಿ ತೆರೆದಂತೆಲ್ಲ ಐಕಾನ್ ಸಾಲು ಎರಡೂ ಕಡೆ ಬೆಳೆಯುತ್ತದೆ, ಬಟನ್ ಎಡಕ್ಕೆ ಸರಿಯುತ್ತಾ ಹೋಗುತ್ತದೆ. ಬೆಳಗ್ಗೆ ಇದ್ದ ಜಾಗದಲ್ಲಿ ಮಧ್ಯಾಹ್ನ ಇಲ್ಲ. ಈ ಸಲ ಎಡಕ್ಕೆ ತರುವ ಆಯ್ಕೆಯನ್ನು ಮೊದಲ ದಿನವೇ ಇಟ್ಟಿದ್ದರು, 2012ರ ಪಾಠ ಅಷ್ಟು ಮಟ್ಟಿಗೆ ನೆನಪಿತ್ತು. ಆದರೆ ರೈಟ್ ಕ್ಲಿಕ್ ಮಾಡಿದಾಗ ಬರುವ ಪಟ್ಟಿಯಲ್ಲಿ ಕಟ್, ಕಾಪಿ, ಪೇಸ್ಟ್ ಅನ್ನುವ ಪದಗಳನ್ನು ತೆಗೆದು ಬರೀ ಚಿತ್ರ ಇಟ್ಟರು. ಉಳಿದ ಎಷ್ಟೋ ಸಂಗತಿಗಳು ‘ಇನ್ನಷ್ಟು ತೋರಿಸು’ ಅನ್ನುವುದರ ಹಿಂದೆ ಹೋದವು. ಆ ಚಿತ್ರಗಳ ಕೆಳಗೆ ಪದ ಮರಳಿ ಬಂದದ್ದು 2024ರ ಆವೃತ್ತಿಯಲ್ಲಿ. ಮೂರು ವರ್ಷ ಬೇಕಾಯಿತು ‘ಕಾಪಿ’ ಅಂತ ಬರೆಯಲು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತಿತು. ಮಾವನ ಕಂಪ್ಯೂಟರ್ ಹಳೆಯದು, ಹೊಸ ಆವೃತ್ತಿಗೆ ಬೇಕಾದ ಪ್ರೊಸೆಸರ್ ಅದರಲ್ಲಿ ಇಲ್ಲ. ಹೊಸ ಯಂತ್ರ ತರಲೇಬೇಕಾಯಿತು. ಈ ಸಲ ನಾನು ಹುಷಾರಾಗಿದ್ದೆ. ಮೊದಲು ಹಳೆಯದರ ಪರದೆಯ ಫೋಟೋ ತೆಗೆದೆ. 2019ರ ಸೋಮವಾರದ ನಂತರ ಮಾವ ಒಂದೊಂದೇ ಫೈಲನ್ನು ಹೊರಗೆ ಎಳೆದು ತಂದು ಹಾಕಿಕೊಂಡಿದ್ದರು, ನಾನು ಮಾಡಿದ ಫೋಲ್ಡರುಗಳು ಒಂದು ಮೂಲೆಯಲ್ಲಿ ಖಾಲಿ ಬಿದ್ದಿದ್ದವು. ಹೊಸದರಲ್ಲಿ ಫೋಟೋ ನೋಡಿಕೊಂಡು ಐಕಾನ್‌ಗಳನ್ನು ಸಾಲು ಸಾಲಾಗಿ ಅದೇ ಜಾಗಕ್ಕೆ ಕೂರಿಸಿದೆ. ಸ್ಟಾರ್ಟ್ ಬಟನ್ ಎಡಕ್ಕೆ ತಂದೆ. ಸ್ಕ್ರಾಲ್ ಲಾಕ್ ಇರುವ ಕೀಬೋರ್ಡಿಗಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೂರು ಅಂಗಡಿ ಸುತ್ತಿದೆ. ಹಳೇ ಯಂತ್ರವನ್ನು ತೆಗೆಯಲಿಲ್ಲ, ಪಕ್ಕದಲ್ಲೇ ಬಿಟ್ಟೆ.

“ಇದನ್ನ ಯಾವಾಗ ಒಯ್ತೀಯಾ?” ಅಂತ ಮಾವ ಕೇಳಲೂ ಇಲ್ಲ. ಒಂದೂವರೆ ತಿಂಗಳು ಎರಡೂ ಓಡಿದವು. ಜನ ಜಾಸ್ತಿ ಇದ್ದಾಗ ಹಳೆಯದು, ಸಂಜೆ ಹೊಸದು.

ಮೊನ್ನೆ ಹೋದಾಗ ಹಳೆಯದಕ್ಕೆ ಬಟ್ಟೆ ಹೊದಿಸಿ ಮೇಲಿನ ಅಟ್ಟಕ್ಕೆ ಏರಿಸಿದ್ದರು, ಟೈಪ್‌ರೈಟರ್ ಪಕ್ಕಕ್ಕೆ. ಹೊಸದರ ಪರದೆಯಲ್ಲಿ ‘ಬಾಡಿಗೆ ಕೊನೆ ಸರಿ 3’ ಅನ್ನುವುದು ಸೇರಿಕೊಂಡಿತ್ತು. ಮಾವ ಸ್ಟ್ಯಾಂಪ್ ಪೇಪರ್ ಜೋಡಿಸುತ್ತಾ ಆ ಕಡೆ ತಿರುಗಿದ್ದರು. ಒಂದು ಐಕಾನ್ ಸಾಲಿನಿಂದ ಸ್ವಲ್ಪ ಆಚೆ ನಿಂತಿದೆ ಅನ್ನಿಸಿತು. ಮೌಸಿನ ಮೇಲೆ ಕೈ ಇಟ್ಟೆ.

“ಕೈ ತೆಗಿ” ಅಂದರು, ತಿರುಗದೆಯೇ.